ಡೀಸೆಲ್ ಮುಗಿಯಿತೆಂದು ಕೊರಗುವ ಗೆಳೆಯನಿಗೆ

ಹಾಸನ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಓದಿದೆ. ಕ್ಷೇಮ ಸಮಾಚಾರಕ್ಕೆ ಎರಡೇ ಸಾಲು ಕೊಟ್ಟು ಉಳಿದ ಪುಟವನ್ನೆಲ್ಲ ಡೀಸೆಲ್ ಎಂಜಿನ್ನುಗಳ ತಿಥಿಗೆ ಮೀಸಲಿಟ್ಟಿರುವುದನ್ನು ಕಂಡು, ಪುಣೆಗೆ ಹೋದರೂ ನೀನು ಬದಲಾಗಿಲ್ಲವೆಂದು ಸಮಾಧಾನವಾಯಿತು. ಸಕಲೇಶಪುರ ಘಾಟಿಯ ಸುರಂಗಗಳೊಳಕ್ಕೂ ವಿದ್ಯುತ್ ತಂತಿ ಬಂದ ಮೇಲೆ ರೈಲು ನೋಡಲು ಹೋಗುವುದರಲ್ಲಿ ಇನ್ನೇನು ಉಳಿಯಿತು ಎಂದು ಕೇಳಿದ್ದೀಯೆ. ಇದೇ ಪ್ರಶ್ನೆಯನ್ನು ನಮ್ಮ ರೈಲು ಹುಚ್ಚರ ಗುಂಪಿನ ಇನ್ನೂ ನಾಲ್ಕಾರು ಮಂದಿ ಬೇರೆ ಬೇರೆ ದನಿಯಲ್ಲಿ ಕೇಳುತ್ತಿರುವುದರಿಂದ, ಉತ್ತರವನ್ನು ಅವರೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರನ್ನು ಬಿಟ್ಟಿದ್ದೇನೆ, ಬೈಗುಳ ಬಂದರೆ ನನ್ನೊಬ್ಬನಿಗೇ ಬರಲಿ. ನಮ್ಮನ್ನು ಪ್ಲಾಟ್‌ಫಾರ್ಮಿಗೆ ಎಳೆದು ತಂದದ್ದು ಎಂಜಿನ್ನಿನ ಸದ್ದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಗಂಟೆಗಟ್ಟಲೆ ಅಲ್ಲಿ ಕೂರಿಸಿದ್ದು ಗಾಡಿ ಓಡಿಸುವ ಕೆಲಸ, ಮತ್ತು ಆ ಕೆಲಸ ಇನ್ನೂ ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಇಷ್ಟೇ ನನ್ನ ಉತ್ತರ. ವಿವರಣೆ ಮಾತ್ರ ಉದ್ದವಿದೆ, ಕಾಫಿ ಮಾಡಿಕೊಂಡು ಕೂತು ಓದು.

ಮೊದಲಿಗೆ ನಿನ್ನ ದುಃಖಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನ್ನಿಗೆ, ನಮ್ಮ ಬಾಯಲ್ಲಿ ಬರೀ ಆಲ್ಕೋಗೆ, ಬದಲಿಯಿಲ್ಲ. ವಾರಾಣಸಿಯ ಕಾರ್ಖಾನೆಯಲ್ಲಿ 1964ರಿಂದ ದಶಕಗಳ ಕಾಲ ತಯಾರಾದ, 16 ಸಿಲಿಂಡರುಗಳ, 2600 ಅಶ್ವಶಕ್ತಿಯ ಆ ಡಬ್ಲ್ಯುಡಿಎಂ-2 ನಿಂತಲ್ಲೇ ಗುಡುಗುಡಿಸುವಾಗ ಅದರ ತಾಳ ಒಂದೇ ಸಮನಿರುತ್ತಿರಲಿಲ್ಲ. ಎಲ್ಲೋ ಒಂದು ಪೆಟ್ಟು ತಪ್ಪಿದ ಹಾಗೆ, ಮತ್ತೆ ಹಿಡಿದ ಹಾಗೆ ಕೇಳುತ್ತಿತ್ತು. ಲೋಕೊ ಪೈಲಟ್ ನಾಚ್, ಅಂದರೆ ಶಕ್ತಿಯ ಮೆಟ್ಟಿಲು, ಏರಿಸಿದಾಗ ಇಂಧನ ಮೊದಲು ಬಂದುಬಿಡುತ್ತದೆ, ಟರ್ಬೊ ಊದುವ ಗಾಳಿ ಹಿಂದಿನಿಂದ ಬರುತ್ತದೆ. ಆ ನಡುವಿನ ಕ್ಷಣಗಳಲ್ಲಿ ಪೂರ್ತಿ ಉರಿಯದ ಎಣ್ಣೆಯೆಲ್ಲ ಕರಿಹೊಗೆಯಾಗಿ ಪ್ಲಾಟ್‌ಫಾರ್ಮಿನ ಮಾಡನ್ನು ದಾಟಿ ಏಳುತ್ತಿತ್ತು. ಉಳಿದ ಪ್ರಯಾಣಿಕರು ಸೆರಗು, ಕರವಸ್ತ್ರ ಮೂಗಿಗೆ ಹಿಡಿಯುವ ಹೊತ್ತಿನಲ್ಲಿ ನಾವು ಮೊಬೈಲ್ ಎತ್ತಿ ಹಿಡಿಯುತ್ತಿದ್ದೆವು. ಆ ಹೊಗೆಯನ್ನು ದಿನವೂ ಕುಡಿಯಬೇಕಾಗಿದ್ದ ಪೋರ್ಟರುಗಳಿಗೂ ಚಹಾ ಮಾರುವವರಿಗೂ ನಮ್ಮ ಸಂಭ್ರಮ ಹೇಗೆ ಕಂಡಿರಬಹುದೋ.

ಆದರೆ ನಿನಗೆ ಒಂದು ಹಳೆಯ ವಿಷಯ ನೆನಪಿಸಬೇಕು. ಎಂಜಿನ್ನುಗಳನ್ನು ಇರಿಸಿ ನೋಡಿಕೊಳ್ಳುವ ಹುಬ್ಬಳ್ಳಿ ಶೆಡ್ಡಿಗೆ 1999ರಲ್ಲಿ ಅಮೆರಿಕದ ಇಎಂಡಿ ಕಂಪನಿಯ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಬಂದು, ಅದರ ಬೆನ್ನಿಗೇ ಪ್ರಯಾಣಿಕರ ಗಾಡಿಗೆಂದು ಡಬ್ಲ್ಯುಡಿಪಿ-4 ಬಂದು, ಅವು ನಮ್ಮ ಕಡೆಯ ಎಕ್ಸ್‌ಪ್ರೆಸ್ ಗಾಡಿಗಳನ್ನೆಲ್ಲ ಒಂದೊಂದಾಗಿ ಹಿಡಿದುಕೊಂಡಾಗ, ಆ ಎರಡು ಸ್ಟ್ರೋಕಿನ ಎಂಜಿನ್ನಿನ ಶಿಳ್ಳೆಯಂಥ ಸದ್ದನ್ನು ಕೇಳಿ ‘ಇದು ರೈಲೋ, ಮಿಕ್ಸಿಯೋ’ ಎಂದು ಮೂಗು ಮುರಿದವನು ನೀನೇ. ಅದೇ ಎಂಜಿನ್ ಹೋಗುತ್ತಿದೆಯೆಂದು ಈಗ ಅಳುತ್ತಿರುವವನೂ ನೀನೇ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ರಾಯರನ್ನು ಕೇಳು. ಮೀಟರ್ ಗೇಜಿನ ಉಗಿಬಂಡಿಗಳನ್ನು ತೆಗೆದು ವೈಡಿಎಂ-4 ಡೀಸೆಲ್ ಹಚ್ಚಿದಾಗ ಅವರ ಪಾಲಿಗೆ ರೈಲ್ವೆಯೇ ಮುಗಿದುಹೋಗಿತ್ತಂತೆ. ಹಾಸನ–ಮಂಗಳೂರು ಮೀಟರ್ ಗೇಜನ್ನು 1996ರಲ್ಲಿ ಮುಚ್ಚಿದಾಗ ಎರಡನೆಯ ಸಲ ಮುಗಿಯಿತು. ಬ್ರಾಡ್ ಗೇಜಾಗಿ ಮತ್ತೆ ಪ್ರಯಾಣಿಕರ ಗಾಡಿ ಓಡುವ ಹೊತ್ತಿಗೆ 2007ರ ಡಿಸೆಂಬರ್ ಬಂತು, ಆ ಹೊತ್ತಿಗೆ ರಾಯರು ಎಲ್ಲವನ್ನೂ ಕ್ಷಮಿಸಿ ಟಿಕೆಟ್ ಸಾಲಿನಲ್ಲಿ ಮುಂದೆ ನಿಂತಿದ್ದರು.

ಇನ್ನೊಂದು ಮಾತು, ಸ್ವಲ್ಪ ಕಟುವಾದದ್ದು. ಹಳೆಯ ಡಬ್ಲ್ಯುಡಿಪಿ-4ಕ್ಕೆ ಓಡಿಸುವವರು ಕೂರುವ ಕ್ಯಾಬ್ ಒಂದೇ ಇದ್ದದ್ದರಿಂದ ಅದು ಉದ್ದ ಮೂತಿಯನ್ನು ಮುಂದೆ ಮಾಡಿಕೊಂಡು ಓಡಿದಾಗಲೆಲ್ಲ ನಾವು ‘ಎಲ್‌ಎಚ್‌ಎಫ್! ಎಲ್‌ಎಚ್‌ಎಫ್!’ (ಲಾಂಗ್ ಹುಡ್ ಫಾರ್ವರ್ಡ್) ಎಂದು ಕೂಗಿ ಫೋಟೊ ತೆಗೆಯುತ್ತಿದ್ದೆವಲ್ಲ, ಆಗ ಒಳಗೆ ಕೂತ ಲೋಕೊ ಪೈಲಟ್‌ಗೆ ಹಳಿಯ ಒಂದು ಮಗ್ಗುಲು ಸರಿಯಾಗಿ ಕಾಣುತ್ತಿರಲಿಲ್ಲ. ಎರಡು ಕ್ಯಾಬಿನ ಡಬ್ಲ್ಯುಡಿಪಿ-4ಡಿ ಬಂದದ್ದು ಈ ಕಷ್ಟಕ್ಕಾಗಿಯೇ. ನಾವು ಹಿಗ್ಗಿದ ಹಲವು ಸಂಗತಿಗಳು ಓಡಿಸುವವರ ಪಾಲಿನ ಪ್ರಯಾಸಗಳಾಗಿದ್ದವು ಎಂಬುದನ್ನು ಡೀಸೆಲ್ಲಿನ ಗುಣಗಾನ ಮಾಡುವಾಗ ನಾವು ಯಾರೂ ಹೇಳುವುದಿಲ್ಲ.

ನಿನ್ನ ವಾದಕ್ಕೆ ಎದುರಾದ ದೊಡ್ಡ ಸಾಕ್ಷಿ ನಿನ್ನ ಮನೆಯ ಹತ್ತಿರದಲ್ಲೇ ಇದೆ. ನೀನಿರುವುದು ಭೋರ್ ಘಾಟಿಯ ನೆತ್ತಿಯ ಮೇಲೆ. 1863ರಲ್ಲಿ ತೆರೆದ, 37 ಅಡಿ ಓಡಿದರೆ 1 ಅಡಿ ಏರುವ ಆ ಕಡಿದಾದ ದಾರಿಗೆ ವಿದ್ಯುತ್ ಬಂದು ಒಂದು ಶತಮಾನವಾಗುತ್ತ ಬಂತು. 1930ರ ಜೂನ್ 1ರಂದು ಹೊರಟ ಡೆಕ್ಕನ್ ಕ್ವೀನ್ ಆ ಘಾಟಿಯನ್ನು ಹತ್ತಿಳಿಯುತ್ತ ಬಂದಿರುವುದು ವಿದ್ಯುತ್ ಎಂಜಿನ್ನಿನ ಬಲದಿಂದಲೇ. ಹೊಗೆಯಿಲ್ಲದ, ಗುಡುಗಿಲ್ಲದ ಈ ಗಾಡಿಯ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಪುಣೆ ನಿಲ್ದಾಣದಲ್ಲಿ ದಿನನಿತ್ಯದ ಪ್ರಯಾಣಿಕರೂ ರೈಲು ಹುಚ್ಚರೂ ಸೇರಿ ಕೇಕ್ ಕತ್ತರಿಸುತ್ತಾರೆ. ನಮ್ಮಲ್ಲಿ ಯಾವ ಆಲ್ಕೋಗೆ ಯಾರು ಕೇಕ್ ಕತ್ತರಿಸಿದ್ದೇವೆ ಹೇಳು? ಘಾಟಿಯಲ್ಲಿ ದುಡಿದ ಹಳೆಯ ಡಬ್ಲ್ಯುಸಿಜಿ-1 ಎಂಜಿನ್ನನ್ನು ಅಲ್ಲಿಯ ಸಿಬ್ಬಂದಿ ಖೇಕಡಾ, ಅಂದರೆ ಏಡಿ ಎಂದು ಕರೆಯುತ್ತಿದ್ದರು. ಅವುಗಳಲ್ಲೊಂದನ್ನು ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅಡ್ಡಹೆಸರಿಟ್ಟು ಕರೆಯುವಷ್ಟು ಸಲುಗೆ ಒಂದು ವಿದ್ಯುತ್ ಎಂಜಿನ್ನಿನ ಜೊತೆಗೂ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಈಗ ಸಕಲೇಶಪುರದ ಸುದ್ದಿಗೆ ಬರುತ್ತೇನೆ, ನೀನು ನಿಜವಾಗಿ ಕಾಯುತ್ತಿರುವುದು ಇದಕ್ಕೇ ಎಂದು ನನಗೆ ಗೊತ್ತು. ಮಳೆಗಾಲದ ಒಂದು ಭಾನುವಾರ ರಾಯರು, ಕಾಫಿ ತೋಟದ ರೈಟರು, ಎಂಜಿನಿಯರಿಂಗ್ ಓದುತ್ತಿರುವ ಆ ಉದ್ದನೆಯ ಹುಡುಗ ಮತ್ತು ನಾನು ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು ಎಂದಿನ ಬೆಂಚಿನಲ್ಲಿ ಕುಳಿತಿದ್ದೆವು. ರೈಟರು ಮನೆಯಿಂದ ಅಕ್ಕಿರೊಟ್ಟಿ, ಕಳಲೆ ಪಲ್ಯ ಕಟ್ಟಿಸಿಕೊಂಡು ಬಂದಿದ್ದರು. ಕೆಳಗೆ ಸುಬ್ರಹ್ಮಣ್ಯ ರೋಡಿನಿಂದ ಕಲ್ಲಿದ್ದಲು ಹೇರಿದ ಗೂಡ್ಸ್ ಹೊರಟಿದೆಯೆಂದು ಮಾತ್ರ ಗೊತ್ತಿತ್ತು, ಏರು ಹತ್ತಿಸಲು ಅದನ್ನು ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ನುಗಳು ಎಷ್ಟೆಂದು ಗೊತ್ತಿರಲಿಲ್ಲ. ಘಾಟಿಯಲ್ಲಿ ವೇಗಕ್ಕೆ ಕಡಿವಾಣವಿರುವುದರಿಂದ ಶಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ಎಂದು ಒಂದೊಂದನ್ನೇ ದಾಟಿ ಮೇಲೆ ಬರುವಷ್ಟರಲ್ಲಿ ರೊಟ್ಟಿ ಮುಗಿದು ಮಾತು ಎರಡು ಸುತ್ತು ಬಂದಿತ್ತು. ದೂರದಲ್ಲಿ ಹಾರ್ನ್ ಕೇಳಿತು. ಗಾಡಿ ತಿರುವಿನ ಆಚೆಯಿದ್ದಾಗಲೇ ರಾಯರು ಕಣ್ಣು ಮುಚ್ಚಿ ತಲೆ ಓರೆ ಮಾಡಿದರು.

‘ಹಿಂದೆ ಎರಡೇ ಇವೆ ಕಣಪ್ಪಾ.’

‘ಇಲ್ಲ ರಾಯರೇ, ಮೂರು. ಒಂದು ಸದ್ದು ಬೇರೆ ತರ ಇದೆ, ಕೇಳಿ’ ಎಂದ ಹುಡುಗ.

‘ಬೇರೆ ತರ ಅಂದ್ರೆ?’

‘ಎರಡು ಇಎಂಡಿ, ಒಂದು ಆಲ್ಕೋ ಇರಬಹುದು.’

‘ಬ್ಯಾಂಕರಿಗೆ ಹಾಗೆ ಕಲಸುಮೇಲೋಗರ ಮಾಡಲ್ಲಪ್ಪಾ. ನಿನ್ನ ಕಿವಿ ನೆಂದಿದೆ, ಅಷ್ಟೇ. ಕಾಫಿ ಪಂದ್ಯ.’

ಕಾಫಿಯ ಹಣವನ್ನು ರಾಯರೂ ಕೊಡಲಿಲ್ಲ, ಹುಡುಗನೂ ಕೊಡಲಿಲ್ಲ. ಏಕೆಂದರೆ ಹಿಂದಿದ್ದದ್ದು ಮೂರು ಎಂಜಿನ್ನುಗಳೇ ಆದರೂ ಮೂರೂ ಒಂದೇ ಜಾತಿಯವು. ರೈಟರು ಕೊಟ್ಟರು. ಗಾಡಿ ಮೆಲ್ಲನೆ ಉಸಿರು ಬಿಡುತ್ತ ನಿಂತ ಮೇಲೆ, ಹಳದಿ ರೇನ್‌ಕೋಟು ಹಾಕಿದ ಒಬ್ಬ ಸಿಬ್ಬಂದಿ ಕೊನೆಯ ವ್ಯಾಗನಿಗೂ ಬ್ಯಾಂಕರಿಗೂ ನಡುವೆ ಬಗ್ಗಿದರು. ಮೊದಲು ಬ್ರೇಕಿನ ಗಾಳಿ ತಡೆಯುವ ಎರಡೂ ಕಡೆಯ ನಲ್ಲಿಗಳನ್ನು ತಿರುಗಿಸಿ ಮುಚ್ಚಿದರು, ಆಮೇಲೆ ಏರ್ ಪೈಪನ್ನು ಬಿಡಿಸಿದರು, ಉಳಿದಿದ್ದ ಗಾಳಿ ಬುಸ್ಸೆಂದು ಹೊರಬಂದು ಜಲ್ಲಿಕಲ್ಲಿನ ಮೇಲಿನ ನೀರನ್ನು ಚದುರಿಸಿತು. ಕಪ್ಲರಿನ ಹಿಡಿಯನ್ನು ಎತ್ತಿ ಅವರು ಹೊರಗೆ ಬಂದು ಕೈ ಬೀಸಿದಾಗ ಮೂರೂ ಎಂಜಿನ್ನುಗಳು ಒಂದು ಗೇಣು ಹಿಂದೆ ಸರಿದವು. ಕೊಂಡಿ ಕಳಚಿದ ಸದ್ದಿನ ಹಿಂದೆಯೇ ಅವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಮ್ಮ ಕಡೆ ನೋಡಿ, ಇವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂಬಂತೆ ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಮೂರೂ ಒಟ್ಟಾಗಿ ಲೈಟ್ ಎಂಜಿನ್ನಾಗಿ, ಅಂದರೆ ಹಿಂದೆ ಗಾಡಿಯಿಲ್ಲದೆ, ಮತ್ತೆ ಘಾಟಿ ಇಳಿದವು, ಕೆಳಗೆ ಮತ್ತೊಂದು ಗಾಡಿ ಕಾಯುತ್ತಿರಬೇಕು.

ನಾನು ಈ ಪ್ರಸಂಗವನ್ನು ಇಷ್ಟು ಉದ್ದಕ್ಕೆ ಹೇಳಿದ್ದು ಏಕೆಂದರೆ ಇದರಲ್ಲಿ ಡೀಸೆಲ್ಲಿಗೆ ಮಾತ್ರ ಸೇರಿದ್ದೆಂದರೆ ರಾಯರೂ ಹುಡುಗನೂ ಕಿವಿಗೊಟ್ಟ ಆ ಸದ್ದು ಒಂದೇ. ಬ್ಯಾಂಕರನ್ನು ಹಿಂದೆ ಹಚ್ಚುವುದಕ್ಕೆ ಕಾರಣ ಎಣ್ಣೆಯಲ್ಲಿಲ್ಲ, ಏರಿನಲ್ಲಿದೆ. ನಮ್ಮ ಘಾಟಿಯ ಏರು 50ಕ್ಕೆ 1. ಸಾವಿರ ಟನ್ ತೂಗುವ ಗಾಡಿ ಜಾರದಂತೆ ಅಲ್ಲಿ ಹಿಡಿದು ನಿಲ್ಲಿಸುವುದಕ್ಕೇ 20 ಟನ್ನಿನಷ್ಟು ಎಳೆತ ಬೇಕು, ಮೇಲಕ್ಕೆ ಒಯ್ಯುವುದು ಆಮೇಲಿನ ಮಾತು. ಆ ಬಲವನ್ನೆಲ್ಲ ಮುಂದಿನಿಂದಲೇ ಕೊಟ್ಟರೆ ಮೊದಲ ವ್ಯಾಗನಿನ ಕಪ್ಲರ್ ಇಡೀ ಗಾಡಿಯ ಭಾರವನ್ನು ಒಂದೇ ಕೊಂಡಿಯಲ್ಲಿ ಹೊರಬೇಕಾಗುತ್ತದೆ, ತಿರುವುಗಳಲ್ಲಂತೂ ಎಳೆತ ಗಾಡಿಯನ್ನು ಒಳಮಗ್ಗುಲಿಗೆ ಸೆಳೆಯುತ್ತದೆ. ಆದ್ದರಿಂದ ಅರ್ಧ ಎಳೆಯುವುದು, ಅರ್ಧ ತಳ್ಳುವುದು. ಇಳಿಯುವಾಗ ಕಥೆಯೇ ಬೇರೆ: ಬ್ರೇಕು ಕೈಕೊಟ್ಟ ಗಾಡಿಯನ್ನು ಮುಖ್ಯ ಹಳಿಯಿಂದ ತಪ್ಪಿಸಿ ಏರುಮುಖದ ಮರಳು ಹಾಸಿದ ಹಳಿಗೆ ನುಗ್ಗಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್ ಇದೆಯಲ್ಲ, ಆ ಹಳಿಯ ಕೊನೆಯನ್ನು ಮೊದಲ ಸಲ ತೋರಿಸಿದಾಗ ‘ಇದು ಎಲ್ಲಿಗೆ ಹೋಗುತ್ತದೆ’ ಎಂದು ನೀನು ಕೇಳಿದ್ದು, ‘ಯಾರೂ ಹೋಗದಿರಲಿ ಎಂದು ಮಾಡಿರುವುದು’ ಎಂದು ರಾಯರು ಹೇಳಿದ್ದು ನಿನಗೆ ನೆನಪಿರಬೇಕು. ವಿದ್ಯುತ್ ಎಂಜಿನ್ ಬಂದರೂ ಏರು ತಗ್ಗುವುದಿಲ್ಲ, 57 ಸುರಂಗಗಳು ಕಡಿಮೆಯಾಗುವುದಿಲ್ಲ, ಸಿಂಗಲ್ ಲೈನು ಡಬಲ್ ಆಗುವುದಿಲ್ಲ. ಒಂದು ಗಾಡಿ ಏರಬೇಕಾದರೆ ಇನ್ನೊಂದು ಎಡಕುಮೇರಿಯಲ್ಲೋ ಕಡಗರವಳ್ಳಿಯಲ್ಲೋ ಪಕ್ಕದ ಲೂಪ್ ಹಳಿಯಲ್ಲಿ ಕಾದು ನಿಲ್ಲಲೇಬೇಕು. ಆ ಕ್ರಾಸಿಂಗಿನ ಲೆಕ್ಕಾಚಾರ ಮಾಡುತ್ತ ಕೂರುವುದು ನಮ್ಮ ಅರ್ಧ ಹವ್ಯಾಸವಾಗಿತ್ತು, ಅದು ಎಲ್ಲಿಗೂ ಹೋಗಿಲ್ಲ.

ಮಳೆಗಾಲವೂ ಹಾಗೇ ಇದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ವಾರಗಟ್ಟಲೆ ಗಾಡಿ ನಿಂತದ್ದು, 2024ರ ಜುಲೈನಲ್ಲಿ ಮತ್ತೆ ಮಣ್ಣು ಜಾರಿ ದಾರಿ ಮುಚ್ಚಿದ್ದು ನಿನಗೆ ಗೊತ್ತಿದೆ. ರಾತ್ರಿಯೆಲ್ಲ ಟಾರ್ಚು ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತ ಹಳಿಯ ಗುಂಟ ಗಸ್ತು ತಿರುಗುವ ಟ್ರ್ಯಾಕ್‌ಮನ್ನುಗಳಿಗೆ ಮುಂದೆ ಎಳೆಯುವುದು ಡೀಸೆಲ್ಲೋ ವಿದ್ಯುತ್ತೋ ಎಂಬುದರಿಂದ ಏನೂ ವ್ಯತ್ಯಾಸವಿಲ್ಲ. ನಾವು ಫೋಟೊ ತೆಗೆಯುವ ಗಾಡಿಗಳು ಸುರಕ್ಷಿತವಾಗಿ ಫೋಟೊದೊಳಕ್ಕೆ ಬರುವುದು ಅವರ ಕಾಲಿನ ಬಲದಿಂದ. ಇವರ ಬಗ್ಗೆ ನಮ್ಮಲ್ಲಿ ಯಾರೂ ಎರಡು ಸಾಲು ಬರೆಯುವುದಿಲ್ಲ, ಎಂಜಿನ್ನಿನ ಬಣ್ಣ ಬದಲಾದರೆ ಮಾತ್ರ ಪುಟಗಟ್ಟಲೆ ಬರೆಯುತ್ತೇವೆ.

ವಿದ್ಯುತ್ತಿನಿಂದ ನಮಗೆ ಹೊಸದಾಗಿ ದಕ್ಕಿದ್ದೇನು ಎಂದು ನೀನು ಕೇಳಬಹುದು. ಡೀಸೆಲ್ ಕಾಲದಲ್ಲಿ ಹಾಸನದ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಬರುವ ಎಂಜಿನ್ನಿನ ಮಗ್ಗುಲಲ್ಲಿ ಅದರ ಶೆಡ್ಡಿನ ಹೆಸರು ಬಹುಮಟ್ಟಿಗೆ ಕೃಷ್ಣರಾಜಪುರ ಎಂದಿರುತ್ತಿತ್ತು, ಇಲ್ಲವೇ ಹುಬ್ಬಳ್ಳಿ ಎಂದಿರುತ್ತಿತ್ತು, ನೋಡದೆಯೇ ಹೇಳಬಹುದಾಗಿತ್ತು. ಈಗ ತಂತಿ ದೇಶದ ಉದ್ದಗಲಕ್ಕೂ ಹಬ್ಬಿದ ಮೇಲೆ ದೂರದ ಶೆಡ್ಡುಗಳ ಎಂಜಿನ್ನುಗಳು ನಡುದಾರಿಯಲ್ಲಿ ಎಲ್ಲೂ ಕಳಚಿಕೊಳ್ಳದೆ ನೇರವಾಗಿ ನಮ್ಮ ನಾಡಿನೊಳಕ್ಕೆ ಬರುತ್ತಿವೆ. ಬೆಂಗಳೂರಿನ ನಿಲ್ದಾಣದಲ್ಲಿ ಒಂದು ಸಂಜೆ ನಿಂತರೆ ಲಾಲಾಗುಡ, ರಾಯಪುರಂ, ಈರೋಡು, ಗಾಜಿಯಾಬಾದ್ ಎಂದು ಮಗ್ಗುಲಿನ ಹೆಸರುಗಳನ್ನು ಓದುತ್ತ ಭೂಪಟವನ್ನೇ ಬಿಡಿಸಬಹುದು. ಮೊನ್ನೆ ಆ ಹುಡುಗ ‘ಆಫ್‌ಲಿಂಕ್! ಆಫ್‌ಲಿಂಕ್!’ ಎಂದು ಬೆಳಗಿನ ಜಾವವೇ ಫೋನು ಮಾಡಿ ಎಬ್ಬಿಸಿದ, ಅಂದರೆ ಗಾಡಿಗೆ ಎಂದಿನದಲ್ಲದ ಶೆಡ್ಡಿನ ಎಂಜಿನ್ ಬಂದಿದೆ ಎಂದು. ಅವನ ದನಿಯಲ್ಲಿದ್ದ ಸಂಭ್ರಮ, ಪೊನ್ಮಲೈ ಶೆಡ್ಡಿನ ಆಲ್ಕೋ ಒಂದು ದಾರಿ ತಪ್ಪಿ ಅರಸೀಕೆರೆಗೆ ಬಂದಾಗ ನಿನ್ನ ದನಿಯಲ್ಲಿದ್ದ ಸಂಭ್ರಮಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಿರಲಿಲ್ಲ. ಸದ್ದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಮೋಟಾರಿಗೆ ವಿದ್ಯುತ್ತನ್ನು ಹದಗೊಳಿಸುವ ಹಳೆಯ ಬಗೆಯ ಜಿಟಿಒ ಕನ್ವರ್ಟರಿರುವ ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ ಗಾಡಿಯನ್ನು ಎಬ್ಬಿಸುವಾಗ ಮೆಟ್ಟಿಲು ಮೆಟ್ಟಿಲಾಗಿ ಸ್ವರ ಏರಿಸುತ್ತದೆಯಲ್ಲ, ಅದನ್ನು ಕೇಳಿಸಿಕೊಳ್ಳಲು ನಮ್ಮಲ್ಲಿ ಈಗ ಪೈಪೋಟಿ ಇದೆ. ಐಜಿಬಿಟಿ ಎಂಬ ಹೊಸ ಬಗೆಯ ಕನ್ವರ್ಟರ್ ಬಂದ ಎಂಜಿನ್ನುಗಳು ಆ ಹಾಡನ್ನೂ ಹಾಡುವುದಿಲ್ಲ ಎಂದು ಹುಡುಗ ಈಗಾಗಲೇ ಕೊರಗಲು ಶುರು ಮಾಡಿದ್ದಾನೆ. ಪರಂಪರೆ ಮುಂದುವರಿಯುತ್ತಿದೆ, ಚಿಂತೆ ಬೇಡ.

ನಮ್ಮ ನಿತ್ಯದ ಹರಟೆಯ ಸ್ವರೂಪವೂ ಹೆಚ್ಚು ಬದಲಾಗಿಲ್ಲ. ರಾಯರು ಈಗಲೂ ಬೋಗಿಯ ಸಂಖ್ಯೆ ಓದದೆ ಒಳಗೆ ಕಾಲಿಡುವುದಿಲ್ಲ. ಹಳೆಯ ಐದಂಕಿಯ ಪದ್ಧತಿಯಲ್ಲಿ ಮೊದಲ ಎರಡು ಅಂಕಿ ತಯಾರಾದ ವರ್ಷ, ಉಳಿದ ಮೂರು ಬೋಗಿಯ ಜಾತಿ. 05214 ಎಂದಿದ್ದರೆ 2005ರಲ್ಲಿ ಹುಟ್ಟಿದ ಸ್ಲೀಪರ್. ಮದುವೆಗೆಂದು ಹೊರಟ ನೆಂಟರ ಗುಂಪಿಗೆ ಅವರು ಇದನ್ನು ವಿವರಿಸಿ, ‘ನೀವು ಕೂತಿರುವ ಬೋಗಿಗೆ ಇನ್ನೇನು ನಿವೃತ್ತಿ’ ಎಂದು ಹೇಳಿ, ಒಬ್ಬ ಅಜ್ಜಿ ಅದರಿಂದ ಇಳಿಯುತ್ತೇನೆಂದು ಹಟ ಹಿಡಿದ ಕಥೆ ಈಗ ನಮ್ಮ ಗುಂಪಿನ ಪುರಾಣಗಳಲ್ಲಿ ಸೇರಿದೆ. ಪೆರಂಬೂರಿನ ಕಾರ್ಖಾನೆ 2018ರ ಜನವರಿಯಲ್ಲಿ ಐಸಿಎಫ್ ಮಾದರಿಯ ಬೋಗಿ ಮಾಡುವುದನ್ನು ನಿಲ್ಲಿಸಿದ್ದರಿಂದ ನೀಲಿ ಬೋಗಿಗಳು ಒಂದೊಂದೇ ಕಣ್ಮರೆಯಾಗುತ್ತಿವೆ, ರಾಯರ ಲೆಕ್ಕದ ಪುಸ್ತಕವೂ ತೆಳ್ಳಗಾಗುತ್ತಿದೆ. ರೈಟರಿಗೆ ಗೂಡ್ಸ್ ಮಾತ್ರ ರೈಲು, ಉಳಿದದ್ದೆಲ್ಲ ‘ಬಸ್ಸು’. ನನ್ನ ಮನೆಯಲ್ಲಿ ಪರಿಸ್ಥಿತಿ ಮೊದಲಿನಂತೆಯೇ ಇದೆ. ತರಕಾರಿ ತರುವ ದಾರಿಯಲ್ಲಿ ಲೆವೆಲ್ ಕ್ರಾಸಿಂಗ್ ಬರುತ್ತದೆ ಎಂಬ ಕಾರಣಕ್ಕೆ ತರಕಾರಿ ತರುವ ಕೆಲಸವನ್ನೇ ನನ್ನಿಂದ ಕಿತ್ತುಕೊಳ್ಳಲಾಗಿದೆ. ಮಗಳನ್ನು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. 1979ರಿಂದ ಇರುವ ಆ ಅಂಗಳದಲ್ಲಿ 1899ರ ಮಹಾರಾಣಿಯವರ ಸಲೂನನ್ನು ನೋಡಿದ ಮೇಲೆ ಅವಳು ಕೇಳಿದ್ದು ಒಂದೇ, ಇದರಲ್ಲಿ ಅಡುಗೆಮನೆ ಇದ್ದರೂ ನಮ್ಮ ಗಾಡಿಯಲ್ಲಿ ಏಕೆ ಇಲ್ಲ ಎಂದು.

ಒಂದು ವಿಷಯದಲ್ಲಿ ಮಾತ್ರ ಕಾಲ ಕೆಟ್ಟಿದೆ ಎಂದು ನಾನೂ ಹೇಳುತ್ತೇನೆ. ರೀಲ್ಸ್ ಮಾಡುವ ಹುಡುಗರು ಎಡಕುಮೇರಿಯ ಸೇತುವೆಗಳ ಮೇಲೆ, ಸುರಂಗದ ಬಾಯಲ್ಲಿ ನಿಂತು ಬರುವ ಗಾಡಿಗೆ ಬೆನ್ನು ಕೊಡುತ್ತಾರೆ, ನೋಡಿದವರು ನಮ್ಮನ್ನೂ ಅವರ ಸಾಲಿಗೆ ಸೇರಿಸುತ್ತಾರೆ. ಅಲ್ಲಿ ಹಳಿಯ ಮೇಲಿನ ಚಾರಣ ನಿಷೇಧವಾಗಿದೆ. ಅಪ್ಪಣೆಯಿಲ್ಲದೆ ರೈಲ್ವೆ ಜಾಗಕ್ಕೆ ನುಗ್ಗಿದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಇದೆ. ಕಾನೂನಿಗಿಂತ ಮುಖ್ಯವಾದದ್ದು ಲೋಕೊ ಪೈಲಟ್ಟಿನ ಸ್ಥಿತಿ. ತಿರುವು ತಿರುಗಿದ ಕೂಡಲೇ ಹಳಿಯ ಮೇಲೆ ಮನುಷ್ಯರನ್ನು ಕಂಡ ಮೇಲೆ, ಸಾವಿರಾರು ಟನ್ನನ್ನು ಇಳಿಜಾರಿನಲ್ಲಿ ಹಿಡಿದುಕೊಂಡಿರುವ ಆತ ಹಾರ್ನ್ ಹಾಕುವುದಲ್ಲದೆ ಬೇರೇನು ಮಾಡಬಲ್ಲ? ಹುಡುಗನಿಗೆ ನಾವು ಹೇಳಿಕೊಟ್ಟ ಮೊದಲ ಪಾಠವೇ ಪ್ಲಾಟ್‌ಫಾರ್ಮಿನ ಹಳದಿ ಗೆರೆ. ಡೀಸೆಲ್ ಸೈಡಿಂಗಿನ ಆಚೆ ಒಳ್ಳೆಯ ಬೆಳಕಿದೆ ಎಂದು ಅವನು ಹಟ ಮಾಡಿದಾಗ ರೈಟರು ಅವನ ಬ್ಯಾಗು ಹಿಡಿದೆಳೆದು ಕೂರಿಸಿದರು.

ನಿಜವಾಗಿ ಕಳೆದುಹೋದದ್ದು ಯಾವುದು ಎಂದು ನನ್ನನ್ನು ಕೇಳಿದರೆ, ನಾನು ಡೀಸೆಲ್ಲನ್ನು ಮೊದಲು ಹೇಳುವುದಿಲ್ಲ. ಮೊದಲು ಹೋದದ್ದು ಹಳಿಯ ಸದ್ದು. 13 ಮೀಟರಿನ ಹಳಿಗಳನ್ನು ಫಿಶ್‌ಪ್ಲೇಟಿನಿಂದ ಜೋಡಿಸುತ್ತಿದ್ದ ಕಾಲದಲ್ಲಿ ಪ್ರತಿ ಸಂದಿನಲ್ಲೂ ಗಾಲಿ ತಾಳ ಹಾಕುತ್ತಿತ್ತು, ಆ ತಾಳಗಳನ್ನು ಎಣಿಸಿ ಕೈಗಡಿಯಾರ ನೋಡಿ ವೇಗ ಹೇಳುವುದನ್ನು ನಾವೆಲ್ಲ ಶಾಲೆಯಲ್ಲಿದ್ದಾಗಲೇ ಕಲಿತಿದ್ದೆವು. ಉದ್ದಕ್ಕೆ ಬೆಸೆದ ಹಳಿಗಳು ಬಂದ ಮೇಲೆ ಆ ತಾಳ ಹಳಿ ಕವಲೊಡೆಯುವ ಪಾಯಿಂಟುಗಳ ಮೇಲಷ್ಟೇ ಉಳಿಯಿತು. ಎರಡನೆಯದಾಗಿ, ಸಿಂಗಲ್ ಲೈನಿನಲ್ಲಿ ಮುಂದೆ ಹೋಗಲು ಗಾಡಿಗೆ ಅಪ್ಪಣೆಯಾಗಿ ಕೊಡುತ್ತಿದ್ದ ಟೋಕನ್ ಹೋಯಿತು. ಓಡುವ ಗಾಡಿಯಿಂದ ಬಳೆಯಂಥ ಚೀಲವನ್ನು ಎಸೆದು ಇನ್ನೊಂದನ್ನು ತೋಳಿಗೆ ಸಿಕ್ಕಿಸಿಕೊಳ್ಳುವ ಆ ಕೈಚಳಕವನ್ನು ನೋಡಲು ಈಗ ಹಳೆಯ ವಿಡಿಯೊಗಳೇ ಗತಿ. ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ತೆರೆದ ಕಿಟಕಿ. ಹವಾನಿಯಂತ್ರಿತ ಬೋಗಿಗಳು ಹೆಚ್ಚುತ್ತ ಹೋದ ಹಾಗೆ ಗಾಜಿನಾಚೆ ರೈಲು ಮೂಕವಾಗುತ್ತದೆ. 2021ರ ಜುಲೈನಿಂದ ಘಾಟಿಯ ಗಾಡಿಗಳಿಗೆ ವಿಸ್ಟಾಡೋಮ್ ಬೋಗಿ ಹಚ್ಚಿದ್ದಾರೆ, ತಲೆಯ ಮೇಲೂ ಗಾಜು, ಪಕ್ಕದಲ್ಲೂ ಗಾಜು, ಎಲ್ಲವೂ ಚೆನ್ನಾಗಿ ಕಾಣುತ್ತದೆ. ಆದರೆ ಒದ್ದೆ ಕಾಡಿನ ವಾಸನೆಯಿಲ್ಲ, ಸುರಂಗಕ್ಕೆ ನುಗ್ಗಿದಾಗ ಮುಖಕ್ಕೆ ಬಡಿಯುವ ತಣ್ಣನೆಯ ಗಾಳಿಯಿಲ್ಲ, ಮಕ್ಕಳು ಒಟ್ಟಾಗಿ ಹಾಕುವ ಕೂಗು ಗೋಡೆಗೆ ಬಡಿದು ಬರುವುದಿಲ್ಲ. ನೀನು ಶೋಕ ಆಚರಿಸುವುದಾದರೆ ಇದಕ್ಕೆ ಆಚರಿಸು, ನಾನೂ ಬಂದು ಪಕ್ಕದಲ್ಲಿ ಕೂರುತ್ತೇನೆ. ವಿದ್ಯುತ್ ತಂತಿಯಂತೂ ಕಿಟಕಿಯನ್ನು ಮುಚ್ಚಿಲ್ಲ.

ಡಿಸೆಂಬರಿನಲ್ಲಿ ಬರುತ್ತೇನೆ ಎಂದಿದ್ದೀಯೆ. ಅರಸೀಕೆರೆಯಲ್ಲಿ ಇಳಿ, ಕರೆದುಕೊಂಡು ಬರಲು ನಾನು ಬರುತ್ತೇನೆ. ಗಾಡಿ ತಡವಾದರೂ ಅಲ್ಲಿ ಕಾಯಲು ನನಗೆ ಬೇಸರವಿಲ್ಲ ಎಂಬುದು ನಿನಗೇ ಗೊತ್ತು. ಮಾರನೆಯ ದಿನ ಗೊಮ್ಮಟೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಹಗಲು ಹೊತ್ತಿನಲ್ಲೇ ಘಾಟಿ ಇಳಿಯೋಣ. ರಾಯರು ವಿಸ್ಟಾಡೋಮಿನಲ್ಲಿ ಹೋಗೋಣ ಎನ್ನುತ್ತಿದ್ದಾರೆ, ಮೊಣಕಾಲು ನೋವಂತೆ. ನಾನು ಮತ್ತು ಹುಡುಗ ಕಂಬಿ ಕಿಟಕಿಯ ಎರಡನೆಯ ದರ್ಜೆಯ ಪಕ್ಷ, ರೈಟರು ಯಾವ ಪಕ್ಷದಲ್ಲೂ ಇಲ್ಲ, ಏಕೆಂದರೆ ಅದು ಗೂಡ್ಸ್ ಅಲ್ಲ. ನಿನ್ನ ಮತ ಬಂದರೆ ತೀರ್ಮಾನವಾಗುತ್ತದೆ, ಟಿಕೆಟ್ ಸಿಗುವುದು ಕಷ್ಟವಾದ್ದರಿಂದ ಬೇಗ ತಿಳಿಸು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿಕೊಡು. ಬಿಡುವಾದ ಒಂದು ದಿನ ಕರ್ಜತ್‌ಗೆ ಹೋಗಿ, ವಡಾಪಾವ್ ತಿಂದು, ಪುಣೆಯ ಕಡೆಗೆ ಹತ್ತುವ ಗಾಡಿಗಳ ಹಿಂದೆ ಎಷ್ಟು ಬ್ಯಾಂಕರುಗಳನ್ನು ಹಚ್ಚುತ್ತಾರೆ, ಹಚ್ಚಲು ಎಷ್ಟು ನಿಮಿಷ ಹಿಡಿಯುತ್ತದೆ, ಮೇಲೆ ಲೋನಾವಳದಲ್ಲಿ ಬಿಡಿಸಲು ಎಷ್ಟು ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಂಡು ಕಳಿಸು. ಸಕಲೇಶಪುರದ ಹಳದಿ ರೇನ್‌ಕೋಟಿನವರಿಗಿಂತ ಬೇಗ ಕಪ್ಲರ್ ಬಿಡಿಸುವವರು ಭೋರ್ ಘಾಟಿಯಲ್ಲಿ ಇರಲಾರರು ಎಂದು ರಾಯರು ಪಂದ್ಯ ಕಟ್ಟಿದ್ದಾರೆ. ಈ ಸಲದ ಕಾಫಿಯನ್ನಾದರೂ ರೈಟರ ಜೇಬಿನಿಂದ ತಪ್ಪಿಸಬೇಕಾಗಿದೆ.

ನಿನ್ನ ಗೆಳೆಯ